ನನ್ನಿಂದಾಗದು ಎನ್ನುವುದು ಈಮಾನಿನ ಕೊರತೆಯೇ?

ಚಾಮರಾಜಪೇಟೆಯ ಒಂದು ಮನೆ. ನನ್ನ ಹತ್ತಿರದ ಸಂಬಂಧಿಗಳದು. ಮನೆಯ ಹಿರಿಯ ಸೊಸೆಗೆ ನಲವತ್ತರ ಹತ್ತಿರದ ಪ್ರಾಯ. ಅತ್ತೆಗೆ ಪಾರ್ಶ್ವವಾಯು ಬಡಿದು ಎರಡು ವರ್ಷಗಳಾಗಿದ್ದವು. ಅವರನ್ನು ಎತ್ತಿ ಕೂರಿಸುವುದು, ತೊಳೆಯುವುದು, ಉಣಿಸುವುದು ಎಲ್ಲವೂ ಸೊಸೆಯದೇ. ಪತಿಗೆ ಸಿಟಿ ಮಾರ್ಕೆಟ್ ಬಳಿ ಸಣ್ಣ ಅಂಗಡಿ; ಬೆಳಗ್ಗೆ ಹೋದವರು ರಾತ್ರಿ ಹತ್ತಕ್ಕೆ ಮರಳುತ್ತಾರೆ. ಮೂವರು ಮಕ್ಕಳು. ನಲ್ಲಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ನಸುಕಿನಲ್ಲಿ. ಸಾಲದ ಕಂತಿಗೆಂದು ಆಕೆ ಮಧ್ಯಾಹ್ನದ ಹೊತ್ತು ಸೀರೆಗಳಿಗೆ ಫಾಲ್ ಹೊಲಿಯುತ್ತಾಳೆ. ಇವೆಲ್ಲದರ ಮೇಲೆ ರಮಝಾನ್ ಬಂತು. ಸಹರಿಗೆ ಎಲ್ಲರಿಗಿಂತ ಮೊದಲು ಏಳುವುದು, ಇಫ್ತಾರಿಗೆ ಬಂದವರನ್ನು ಕಳುಹಿಸಿ ಎಲ್ಲರ ನಂತರ ಮಲಗುವುದು ಆಕೆಯ ದಿನಚರಿಯಾಯಿತು.

ಒಂದು ರಾತ್ರಿ ಇಶಾ ನಮಾಝಿಗೆ ನಿಂತವಳಿಗೆ ಎಷ್ಟು ರಕಅತ್ ಆಯಿತೆಂಬುದೇ ತಿಳಿಯಲಿಲ್ಲ. ಮೊದಲಿನಿಂದ ನಿಂತಳು. ಮತ್ತೆ ತಪ್ಪಿತು. ಮೂರನೆಯ ಬಾರಿ ಜಾನಮಾಝ್ ಮೇಲೆ ಕುಳಿತವಳು ಏಳಲಿಲ್ಲ. ಒಳಕೋಣೆಯಿಂದ ಅತ್ತೆ ಕರೆಯುತ್ತಿದ್ದುದು ಕೇಳಿಸುತ್ತಿತ್ತು. ಕಾಲುಗಳು ಮಾತು ಕೇಳಲಿಲ್ಲ. ಗಾಬರಿಯಿಂದ ಓಡಿ ಬಂದ ಹಿರಿಯ ಮಗಳಿಗೆ ಅವಳು ಹೇಳಿದ್ದು ಇಷ್ಟೇ: "ನನ್ನ ಕೈಲಿ ಇನ್ನು ಆಗೋದಿಲ್ಲ ಬೇಟಾ."

ಮರುದಿನ ಬಂಧುಗಳು ಸೇರಿದರು. ಮೂರು ಮಾತುಗಳು ಬಂದವು. ಊರಿನಿಂದ ಬಂದಿದ್ದ ಖಾಲಾ ಒಬ್ಬರು, ಈಮಾನ್ ಗಟ್ಟಿಯಿದ್ದವರಿಗೆ ಹೀಗಾಗುವುದುಂಟೇ ಎಂದರು. ಇನ್ನೊಬ್ಬರು, ಅಲ್ಲಾಹನು ಯಾರ ಮೇಲೂ ಅವರ ಶಕ್ತಿಗೆ ಮೀರಿದ ಹೊರೆ ಹೊರಿಸುವುದಿಲ್ಲ, ಸಬರ್ ಮಾಡು ಎಂದರು. ಮೂರನೆಯವರು ವ್ಯವಹಾರಜ್ಞರು. ದೊಡ್ಡ ಮಗಳು ಇದ್ದಾಳಲ್ಲ, ಈ ವರ್ಷ ಸ್ಕೂಲು ಬಿಡಿಸಿ, ತಾಯಿಗೆ ಕೈ ಹಗುರಾಗುತ್ತದೆ ಎಂದು ಸಲಹೆ ಕೊಟ್ಟರು. ಆ ಎರಡನೆಯ ಮಾತನ್ನು ಆಡಿದವನು ನಾನೇ. ಆಡಿ ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಆ ಮೂರೂ ಮಾತುಗಳು ಎಷ್ಟು ಸರಿ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಯೋಚಿಸಿದ್ದನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ದಣಿವು ಬೇರೆ, ಹೈರಾಣ ಬೇರೆ

ಮೊದಲು ಅವಳಿಗೆ ಆದದ್ದೇನು ಎಂಬುದನ್ನು ಅರಿಯಬೇಕು. ನಮ್ಮ ಕನ್ನಡದಲ್ಲಿ 'ಹೈರಾಣ' ಎಂಬ ಮಾತಿದೆ. ಮೂಲತಃ ಅರಬಿಯದು. ಅರಬಿಯಲ್ಲಿ ಅದಕ್ಕೆ ದಿಕ್ಕು ತೋಚದವನು ಎಂಬ ಅರ್ಥ. ಕನ್ನಡದಲ್ಲಿ ಬಳಲಿ ಸೋತವನು ಎಂದು. ಈ ಎರಡು ಅರ್ಥಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಾವು ಹೇಳುತ್ತಿರುವ ಸ್ಥಿತಿ ತಿಳಿಯುತ್ತದೆ. ಬರೀ ದಣಿದವನು ಒಂದು ರಾತ್ರಿ ಚೆನ್ನಾಗಿ ಮಲಗಿದರೆ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾನೆ. ಹೈರಾಣಾದವನಿಗೆ ಮಲಗಿದರೂ ನಿದ್ದೆ ಬಾರದು, ಎದ್ದರೂ ಯಾವ ಕೆಲಸ ಮೊದಲು ಎಂದು ತೋಚದು. ಐದು ಕೆಲಸ ಶುರು ಮಾಡುತ್ತಾನೆ, ಒಂದೂ ಮುಗಿಯದು. ಒಂದು ಲೋಟ ತೊಳೆಯುವುದೂ ಬೆಟ್ಟದಂತೆ ಕಾಣುತ್ತದೆ. ಮಕ್ಕಳ ಸಣ್ಣ ಸದ್ದಿಗೂ ಸಿಡುಕು, ಆಮೇಲೆ ಅದಕ್ಕಾಗಿ ಪಶ್ಚಾತ್ತಾಪ. ಎದೆ ಬಿಗಿಯುತ್ತದೆ, ತಲೆ ಭಾರವಾಗುತ್ತದೆ, ಊಟ ರುಚಿಸುವುದಿಲ್ಲ. ಬಾಗಿಲು ತಟ್ಟಿದರೆ, ಫೋನು ಬಂದರೆ ಭಯ.

ಇದನ್ನು ಬಹಳ ಮಂದಿ ತಡವಾಗಿ ಗುರುತಿಸುತ್ತಾರೆ. ಏಕೆಂದರೆ ಹೊರೆ ಒಂದೇ ದಿನ ಬರುವುದಿಲ್ಲ. ನಿನ್ನೆಯದಕ್ಕೆ ಇವತ್ತಿನದು ಸ್ವಲ್ಪವೇ ಹೆಚ್ಚು. ಆ 'ಸ್ವಲ್ಪ'ವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೊತ್ತವರೂ ಸಹ.

ಪ್ರವಾದಿಗಳ ಎದೆಯೂ ಬಿಗಿದಿತ್ತು

ಇನ್ನು ಮೊದಲನೆಯ ಮಾತಿಗೆ ಬರೋಣ. ಈಮಾನ್ ಗಟ್ಟಿಯಿದ್ದವರಿಗೆ ಹೀಗಾಗುವುದುಂಟೇ?

ಹಝ್ರತ್ ಮೂಸಾ(ಅ)ರನ್ನು ಫಿರ್‌ಔನನ ಬಳಿಗೆ ಹೋಗೆಂದು ಅಲ್ಲಾಹನು ಆಜ್ಞಾಪಿಸಿದಾಗ ಅವರು ತಕ್ಷಣ ಕೋಲು ಹಿಡಿದು ಹೊರಡಲಿಲ್ಲ. ತನ್ನ ಎದೆ ಬಿಗಿಯುತ್ತಿದೆ, ನಾಲಗೆ ಓಡುತ್ತಿಲ್ಲ ಎಂದು ಬಿನ್ನವಿಸಿಕೊಂಡರು. ಅಶ್ಶುಅರಾ ಅಧ್ಯಾಯದಲ್ಲಿ ಇದರ ವಿವರವಿದೆ. ತ್ವಾಹಾ ಅಧ್ಯಾಯದಲ್ಲಿ ಅವರ ಪ್ರಾರ್ಥನೆ ಇನ್ನೂ ವಿಸ್ತಾರವಾಗಿ ಬರುತ್ತದೆ. ಎದೆಯನ್ನು ತೆರೆದುಕೊಡು, ಕೆಲಸವನ್ನು ಸುಗಮಗೊಳಿಸು ಎಂದು ಬೇಡಿದ ಬಳಿಕ ಅವರು ಅಲ್ಲಿಗೇ ನಿಲ್ಲಲಿಲ್ಲ. ತನ್ನ ಕುಟುಂಬದಿಂದಲೇ ಒಬ್ಬ ಸಹಾಯಕನನ್ನು, ಸಹೋದರ ಹಾರೂನ್(ಅ)ರನ್ನು, ತನ್ನ ಕೆಲಸದಲ್ಲಿ ಪಾಲುದಾರನನ್ನಾಗಿ ಮಾಡೆಂದು ಕೇಳಿದರು. ಅಲ್ಲಾಹನು ಅದಕ್ಕೆ ಅವರನ್ನು ಗದರಿಸಲಿಲ್ಲ. ಕೇಳಿದ್ದನ್ನು ಕೊಟ್ಟನು. ಒಬ್ಬ ಪ್ರವಾದಿಗೆ ತನ್ನ ಒಡೆಯನೊಡನೆ ನೇರವಾಗಿ ಮಾತನಾಡುವ ಭಾಗ್ಯವಿದ್ದರೂ ಪಕ್ಕದಲ್ಲಿ ಒಬ್ಬ ಅಣ್ಣ ಬೇಕೆನಿಸಿತು. ನಮಗೆ ಬೇಕೆನಿಸಿದರೆ ಅದು ಕೊರತೆ ಹೇಗಾದೀತು?

ಹಝ್ರತ್ ಮರ್ಯಮ್(ಅ)ರ ಪ್ರಸಂಗವನ್ನು ನೋಡಿ. ಒಂಟಿಯಾಗಿ ಹೆರಿಗೆ ನೋವಿನಲ್ಲಿ ಖರ್ಜೂರದ ಮರದ ಬುಡಕ್ಕೆ ಬಂದಾಗ, ಇದಕ್ಕೆ ಮೊದಲೇ ಸತ್ತು ಎಲ್ಲರ ನೆನಪಿನಿಂದ ಅಳಿಸಿ ಹೋಗಿದ್ದರೆ ಚೆನ್ನಾಗಿತ್ತು ಎಂಬ ಉದ್ಗಾರ ಅವರ ಬಾಯಿಂದ ಬಂತು. ಅದಕ್ಕೆ ಬಂದ ಉತ್ತರವನ್ನು ನಮ್ಮ ಮನೆಗಳ ಹಿರಿಯರು ಗಮನಿಸಬೇಕು. ದುಃಖಿಸಬೇಡ ಎಂಬ ಸಾಂತ್ವನ. ಕಾಲ ಕೆಳಗೆ ಹರಿಯುವ ನೀರು. ತಿನ್ನಲು ಮಾಗಿದ ಖರ್ಜೂರ. ಕಣ್ಣು ತಂಪಾಗಿಸಿಕೋ ಎಂಬ ಮಾತು. ಜನ ಬಂದು ಪ್ರಶ್ನಿಸಿದರೆ ಇವತ್ತು ಮಾತನಾಡುವುದಿಲ್ಲ ಎಂದು ತಿಳಿಸುವ ಅನುಮತಿ. ಆ ಗಳಿಗೆಯಲ್ಲಿ ಅವರಿಗೆ ಬೋಧನೆ ಸಿಗಲಿಲ್ಲ. ಅನ್ನ, ನೀರು, ಮೌನ ಸಿಕ್ಕಿತು.

ನಮ್ಮ ಪ್ರವಾದಿವರ್ಯರು(ಸ) ಹಿರಾ ಗುಹೆಯಲ್ಲಿ ಪ್ರಥಮ ದಿವ್ಯವಾಣಿಯನ್ನು ಪಡೆದು ನಡುಗುತ್ತ ಮನೆಗೆ ಬಂದಾಗ ಹೊದಿಸಿರೆಂದು ಕೇಳಿಕೊಂಡರು. ಹಝ್ರತ್ ಖದೀಜಾ(ರ) ಮೊದಲು ಹೊದಿಸಿದರು. ಭಯ ಇಳಿಯುವವರೆಗೆ ಕಾದರು. ನಂತರ ಕೇಳಿಸಿಕೊಂಡರು. ಅಲ್ಲಾಹನು ತಮ್ಮನ್ನು ಕೈಬಿಡಲಾರನು, ತಾವು ರಕ್ತಸಂಬಂಧವನ್ನು ಕಾಪಾಡುವವರು, ಸೋತವರ ಹೊರೆಯನ್ನು ಹೊರುವವರು ಎಂದು ಧೈರ್ಯ ಹೇಳಿದರು. ಆಮೇಲೆ ವಿಷಯ ಬಲ್ಲವರಾದ ವರಕಾ ಬಿನ್ ನೌಫಲರ ಬಳಿಗೆ ಕರೆದೊಯ್ದರು. ಹೊದಿಸುವುದು, ಕಾಯುವುದು, ಆಲಿಸುವುದು, ಧೈರ್ಯ ಹೇಳುವುದು, ತಿಳಿದವರ ಬಳಿಗೆ ಕರೆದೊಯ್ಯುವುದು. ಒಬ್ಬ ಪತ್ನಿ ಅಂದು ಅನುಸರಿಸಿದ ಈ ಕ್ರಮಕ್ಕಿಂತ ಉತ್ತಮವಾದುದನ್ನು ನಾನು ಎಲ್ಲಿಯೂ ಕಂಡಿಲ್ಲ. ಚಾಮರಾಜಪೇಟೆಯ ಆ ಮನೆಯಲ್ಲಿ ನಾವು ಮಾಡಿದ್ದಾದರೂ ಏನು? ಹೊದಿಸಲಿಲ್ಲ, ಕಾಯಲಿಲ್ಲ, ಕೇಳಲಿಲ್ಲ. ನೇರವಾಗಿ ಉಪದೇಶಕ್ಕೆ ಇಳಿದೆವು.

ಆ ವಚನ ಯಾರಿಗೆ?

ಎರಡನೆಯ ಮಾತು ನನ್ನದು. ಅಲ್‌ಬಕರ ಅಧ್ಯಾಯದ ಕೊನೆಯ ವಚನದ ಆಶಯವನ್ನೇ ನಾನು ಅವಳಿಗೆ ಹೇಳಿದ್ದೆ. ವಚನದಲ್ಲಿ ಸುಳ್ಳಿಲ್ಲ. ಆದರೆ ಅದನ್ನು ಪ್ರಯೋಗಿಸಿದ ರೀತಿಯಲ್ಲಿ ದೋಷವಿತ್ತು. ಶಕ್ತಿಗೆ ಮೀರಿದ ಹೊರೆಯನ್ನು ಅಲ್ಲಾಹನು ಹೊರಿಸುವುದಿಲ್ಲ ಎಂದ ಮೇಲೆ, ಒಬ್ಬಳ ಮೇಲೆ ಶಕ್ತಿಗೆ ಮೀರಿದ ಹೊರೆ ಕಂಡುಬಂದರೆ ಕೇಳಬೇಕಾದ ಪ್ರಶ್ನೆ ಯಾವುದು? ಇದನ್ನು ಹೊರಿಸಿದವರು ಯಾರು ಎಂಬುದಲ್ಲವೇ? ಅತ್ತೆಯ ಕಾಯಿಲೆ ಅಲ್ಲಾಹನ ಪರೀಕ್ಷೆ, ನಿಜ. ಆದರೆ ಆ ಪರೀಕ್ಷೆ ಇಡೀ ಕುಟುಂಬಕ್ಕೆ ಬಂದದ್ದು. ನಾಲ್ವರು ಮಕ್ಕಳ ತಾಯಿಯ ಶುಶ್ರೂಷೆಯನ್ನು ಒಬ್ಬ ಸೊಸೆಯ ಹೆಗಲಿಗೆ ಹಾಕಿದವರು ನಾವು. ನಮ್ಮ ಹಂಚಿಕೆಯ ತಪ್ಪನ್ನು ಅಲ್ಲಾಹನ ವಿಧಿಯ ಲೆಕ್ಕಕ್ಕೆ ಬರೆದು, ಅವಳಿಗೆ ಸಬರಿನ ಪಾಠ ಹೇಳಿದೆವು.

ಅದೇ ವಚನದಲ್ಲಿ, ನಮ್ಮಿಂದ ಹೊರಲಾಗದ್ದನ್ನು ನಮ್ಮ ಮೇಲೆ ಹೊರಿಸಬೇಡ ಎಂಬ ಪ್ರಾರ್ಥನೆಯೂ ಇದೆ. ಹೊರಲಾಗುತ್ತಿಲ್ಲ ಎಂದು ಹೇಳಿಕೊಳ್ಳುವುದು ತಪ್ಪಾಗಿದ್ದರೆ ಆ ಪ್ರಾರ್ಥನೆಯನ್ನು ನಮಗೆ ಕಲಿಸುವ ಅಗತ್ಯವೇನಿತ್ತು?

ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿ ಬಂದಿರುವ, ಹಝ್ರತ್ ಅಬೂದರ್(ರ) ವರದಿ ಮಾಡಿದ ಹದೀಸೊಂದು ಇಲ್ಲಿ ದಾರಿ ತೋರಿಸುತ್ತದೆ. ಕೈಕೆಳಗಿನ ಸೇವಕರು ನಿಮ್ಮ ಸಹೋದರರು, ನೀವು ಉಣ್ಣುವುದನ್ನೇ ಅವರಿಗೆ ಉಣಿಸಿ, ನೀವು ಉಡುವುದನ್ನೇ ಉಡಿಸಿ ಎಂದು ಹೇಳಿದ ಬಳಿಕ ಪ್ರವಾದಿವರ್ಯರು(ಸ), ಅವರನ್ನು ಸೋಲಿಸಿಬಿಡುವಂತಹ ಕೆಲಸವನ್ನು ಅವರಿಗೆ ಹೊರಿಸಬಾರದೆಂದೂ, ಹೊರಿಸಿದರೆ ತಾವೇ ಕೈಜೋಡಿಸಬೇಕೆಂದೂ ಆದೇಶಿಸಿದರು. ಸೇವಕರ ಬಗ್ಗೆಯೇ ಈ ಆಜ್ಞೆ ಇರುವಾಗ ಮನೆಯ ಸೊಸೆ, ಪತ್ನಿ, ತಾಯಿಯ ವಿಷಯದಲ್ಲಿ ನಮ್ಮ ಹೊಣೆ ಎಷ್ಟಿರಬೇಡ! ಮನೆಯೊಳಗೆ ಪ್ರವಾದಿವರ್ಯರು(ಸ) ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಹಝ್ರತ್ ಆಇಶಾ(ರ) ಕೊಟ್ಟ ಉತ್ತರ, ಅವರು ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂಬುದು. ನಮ್ಮ ಗಂಡಸರು ಗಡ್ಡದ ಸುನ್ನತ್ತನ್ನು ನೆನೆಯುವಷ್ಟು ಈ ಸುನ್ನತ್ತನ್ನು ನೆನೆಯುವುದಿಲ್ಲ.

ಸಬರ್ ಎಂದರೆ ಇಕ್ಕಟ್ಟಿನಲ್ಲೇ ಇರುವುದಲ್ಲ

ಈ ಮನೆ ಇರುವ ಚಾಮರಾಜಪೇಟೆಯ ಕಥೆಯಲ್ಲೇ ಒಂದು ಪಾಠವಿದೆ. ಕೋಟೆ ಮತ್ತು ಹಳೆಯ ಪೇಟೆಯ ಹೊರಗೆ 1892ರಲ್ಲಿ ಈ ಬಡಾವಣೆ ರೂಪುಗೊಂಡಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ, ಮನೆಗೆ ಮನೆ ಅಂಟಿಕೊಂಡ ಪೇಟೆಯ ಓಣಿಗಳಲ್ಲಿ ಅದು ಬಹಳ ಜೀವಗಳನ್ನು ಬಲಿ ತೆಗೆದುಕೊಂಡಿತು. ಆ ಬಳಿಕ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲ ರಸ್ತೆಗಳೊಂದಿಗೆ ಬೆಳೆದವು. ಅಂದು ಪೇಟೆಯ ಜನರಿಗೆ ಬೇಕಾಗಿದ್ದುದು ಧೈರ್ಯದ ಮಾತಷ್ಟೇ ಅಲ್ಲ, ಉಸಿರಾಡಲು ಜಾಗ.

ಇಂತಹುದೇ ಪ್ಲೇಗಿನ ಸುದ್ದಿ ಹಝ್ರತ್ ಉಮರ್(ರ)ರಿಗೆ ಶಾಮ್ ದೇಶದ ದಾರಿಯಲ್ಲಿ ತಲುಪಿತು. ಅವರು ಸಂಗಡಿಗರೊಡನೆ ಸಮಾಲೋಚಿಸಿ ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಹಝ್ರತ್ ಅಬೂಉಬೈದ(ರ) ಪ್ರಶ್ನಿಸಿದರು. ಹೌದು, ಅಲ್ಲಾಹನ ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯ ಕಡೆಗೆ ಎಂದು ಉಮರ್(ರ) ಉತ್ತರಿಸಿದರು. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು ಇದ್ದರೆ ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ ಎಂದೂ ಕೇಳಿದರು.

ಸಬರ್ ಮತ್ತು ತವಕ್ಕುಲ್‌ಗಳ ಸರಿಯಾದ ಅರ್ಥ ಈ ಘಟನೆಯಲ್ಲಿದೆ. ತಪ್ಪಿಸಲಾಗದ ಕಷ್ಟದಲ್ಲಿ ಕದಲದೆ ನಿಲ್ಲುವುದು ಸಬರ್. ತಪ್ಪಿಸಬಹುದಾದ ಕಷ್ಟದಲ್ಲಿ ಒಬ್ಬರನ್ನು ಕೂಡಿಹಾಕಿ ಅದಕ್ಕೆ ಸಬರ್ ಎಂದು ಹೆಸರಿಡುವುದು ಅನ್ಯಾಯ.

ಚಿಕ್ಕ ಹೆಗಲಿಗೆ ದಾಟಿಸಬೇಡಿ

ಹಾಗಾದರೆ ಆಗದು ಎಂದವರೆಲ್ಲ ಹೊರೆ ಇಳಿಸಿ ಕೂತರೆ ಮನೆ ನಡೆಯುವುದೆಂತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ರೋಗಿ ಅತ್ತೆಗೆ ಊಟ ಬೇಡವೇ? ಹೊರೆ ನೆಲಕ್ಕೆ ಬೀಳುವುದಿಲ್ಲ; ಯಾರಾದರೊಬ್ಬರ ಮೇಲೆಯೇ ಬೀಳುತ್ತದೆ. ಸೋಮಾರಿತನಕ್ಕೂ ಶಕ್ತಿ ಇಲ್ಲ ಎಂಬ ಹೆಸರು ಕೊಟ್ಟುಕೊಳ್ಳುವ ನಫ್ಸ್ ನಮ್ಮೆಲ್ಲರೊಳಗೂ ಇದೆ. ಪ್ರವಾದಿವರ್ಯರು(ಸ) ಚಿಂತೆ, ದುಃಖ, ಸಾಲದ ಭಾರಗಳಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದ ಪ್ರಾರ್ಥನೆಯಲ್ಲಿ ಅಸಹಾಯಕತೆಯೂ ಇದೆ, ಆಲಸ್ಯವೂ ಇದೆ. ಎರಡನ್ನೂ ಬೇರೆ ಬೇರೆಯಾಗಿಯೇ ಹೆಸರಿಸಲಾಗಿದೆ. ಇವೆರಡರಲ್ಲಿ ನನ್ನದು ಯಾವುದು ಎಂದು ಪ್ರತಿಯೊಬ್ಬರೂ ಅಲ್ಲಾಹನ ಮುಂದೆ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಆದ್ದರಿಂದಲೇ ಮೂರನೆಯ ಸಲಹೆ ಮೂರರಲ್ಲೂ ಅಪಾಯಕಾರಿ. ಒಂಬತ್ತನೆಯ ತರಗತಿಯ ಹುಡುಗಿಯ ಶಾಲೆ ಬಿಡಿಸಿದರೆ ಹೊರೆ ಹಗುರಾಗುವುದಿಲ್ಲ. ದೊಡ್ಡ ಹೆಗಲಿನಿಂದ ಚಿಕ್ಕ ಹೆಗಲಿಗೆ ದಾಟುತ್ತದೆ. ಆಗದು ಎಂದು ಹೇಳಲೂ ಬಾರದವರ ಮೇಲೆ ಹೋಗಿ ಕೂರುತ್ತದೆ. ಇಪ್ಪತ್ತು ವರ್ಷಗಳ ನಂತರ ಅವಳೂ ಯಾವುದೋ ಮನೆಯ ಜಾನಮಾಝ್ ಮೇಲೆ ಏಳಲಾರದೆ ಕುಳಿತಿರುತ್ತಾಳೆ. ಹೊರೆ ಇಳಿಸುವಾಗ ಕೆಳಗೆ ನೋಡಬಾರದು, ಅಕ್ಕಪಕ್ಕ ನೋಡಬೇಕು. ಶಕ್ತಿಯಿದ್ದೂ ಖಾಲಿ ಕೈಯಲ್ಲಿ ನಿಂತವರು ಅಲ್ಲೇ ಇರುತ್ತಾರೆ.

ಮಾಡಬಹುದಾದದ್ದು

ಹೈರಾಣಾದವರು ಮೊದಲು ಮಾಡಬೇಕಾದದ್ದು ನಂಬಿಕೆಯ ಒಬ್ಬರಲ್ಲಿ ಬಾಯಿಬಿಟ್ಟು ಹೇಳುವುದು. ಎರಡನೆಯದು, ತಲೆಯೊಳಗೆ ಸುತ್ತುವ ಕೆಲಸಗಳನ್ನು ಕಾಗದದ ಮೇಲೆ ಇಳಿಸುವುದು. ಇವತ್ತೇ ಆಗಬೇಕಾದದ್ದು, ನಾಳೆಗೆ ಕಾಯಬಲ್ಲದ್ದು, ಇನ್ನೊಬ್ಬರು ಮಾಡಬಹುದಾದದ್ದು, ಯಾರೂ ಮಾಡದಿದ್ದರೂ ನಡೆಯುವಂಥದ್ದು ಎಂದು ವಿಂಗಡಿಸಿದರೆ ಕೊನೆಯ ಎರಡು ಪಟ್ಟಿಗಳೇ ಉದ್ದವಾಗಿರುವುದು ಕಂಡು ಆಶ್ಚರ್ಯವಾಗುತ್ತದೆ. ಇಫ್ತಾರಿಗೆ ಆರು ಬಗೆಯ ಕರಿದ ತಿಂಡಿ ಯಾವ ಪಟ್ಟಿಗೆ ಸೇರಿದ್ದೆಂದು ಓದುಗರೇ ಹೇಳಲಿ. ಮೂರನೆಯದು, ನಿದ್ದೆ ಮತ್ತು ಊಟವನ್ನು ಕೆಲಸ ಮುಗಿದ ಮೇಲೆ ಸಿಗುವ ಇನಾಮು ಎಂದು ತಿಳಿಯದಿರುವುದು. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಮಾಡುತ್ತಿದ್ದ ಹಝ್ರತ್ ಅಬೂದರ್ದಾ(ರ)ರನ್ನು ಹಝ್ರತ್ ಸಲ್ಮಾನ್(ರ) ಒತ್ತಾಯಿಸಿ ಉಣಿಸಿದರು, ಮಲಗಿಸಿದರು. ನಿಮ್ಮ ಮೇಲೆ ನಿಮ್ಮ ಪ್ರಭುವಿನಂತೆ ನಿಮ್ಮ ದೇಹಕ್ಕೂ, ಮನೆಯವರಿಗೂ ಹಕ್ಕಿದೆ ಎಂದರು. ಸಲ್ಮಾನ್ ಹೇಳಿದ್ದು ಸತ್ಯವೆಂದು ಪ್ರವಾದಿವರ್ಯರು(ಸ) ಒಪ್ಪಿದರು.

ನಮಾಝ್ ಆಸರೆ, ಅದನ್ನು ಮತ್ತೊಂದು ಭಾರವಾಗಿಸಬಾರದು. ಒಮ್ಮೆ ಮಸೀದಿಯ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿರುವುದನ್ನು ಪ್ರವಾದಿವರ್ಯರು(ಸ) ಕಂಡು ವಿಚಾರಿಸಿದರು. ನಮಾಝಿನಲ್ಲಿ ದಣಿದಾಗ ಹಿಡಿದುಕೊಳ್ಳಲು ಹಝ್ರತ್ ಝೈನಬ್(ರ) ಕಟ್ಟಿಕೊಂಡದ್ದೆಂದು ತಿಳಿಯಿತು. ಅದನ್ನು ಬಿಚ್ಚಿಸಿ, ಚೈತನ್ಯವಿರುವಷ್ಟು ಹೊತ್ತು ನಮಾಝ್ ಮಾಡಿ, ದಣಿದಾಗ ಕುಳಿತುಕೊಳ್ಳಿ ಎಂದರು. ನಮ್ಮ ಮನೆಗಳಲ್ಲಿ ಎಷ್ಟೋ ಹೆಂಗಸರು ಕಣ್ಣಿಗೆ ಕಾಣದ ಹಗ್ಗ ಹಿಡಿದು ನಿಂತಿದ್ದಾರೆ.

ಇಷ್ಟೆಲ್ಲ ಮಾಡಿದರೂ ಎರಡು ವಾರಗಳಿಗೆ ಮೀರಿ ನಿದ್ದೆ, ಹಸಿವು, ಆಸಕ್ತಿ ಮರಳದಿದ್ದರೆ ವೈದ್ಯರನ್ನು ಕಾಣಲೇಬೇಕು. ಸಾಯಬೇಕೆಂಬ ಯೋಚನೆ ಸುಳಿದರೆ ಒಂದು ದಿನವೂ ಕಾಯಬಾರದು, ಅಂಥವರನ್ನು ಒಂಟಿಯಾಗಿ ಬಿಡಬಾರದು. ಹುಚ್ಚಾಸ್ಪತ್ರೆ ಎಂಬ ಹಳೆಯ ಭಯವನ್ನು ಬಿಡೋಣ. ಬೆಂಗಳೂರಿನಲ್ಲಿ 1847ರಷ್ಟು ಹಿಂದೆಯೇ ಆರಂಭವಾದ ಆ ಆಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿಗೆ ನಿದ್ದೆ ಬಾರದವರೂ, ಆತಂಕದಿಂದ ಬಳಲುವವರೂ ಹೋಗುತ್ತಾರೆ. ಹೋಗಲು ಸಂಕೋಚವಾದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇದು ನಮಗೆ ಹೊಸದೇನಲ್ಲ. ಹತ್ತನೆಯ ಶತಮಾನದಲ್ಲಿ ತೀರಿಕೊಂಡ ಅಬೂಝೈದ್ ಅಲ್‌ಬಲ್ಖೀ ದೇಹದಂತೆ ಮನಸ್ಸೂ ಕಾಯಿಲೆ ಬೀಳುತ್ತದೆಂದು ಗ್ರಂಥ ಬರೆದು, ಅದಕ್ಕೆ ಒಳಗಿನ ವಿವೇಕ, ಹೊರಗಿನವರ ಹಿತವಚನ ಎರಡೂ ಬೇಕೆಂದರು. ಇಮಾಮ್ ಗಝ್ಝಾಲಿಯವರಿಗೆ 1095ರಲ್ಲಿ ಬಗ್ದಾದಿನಲ್ಲಿ ಪಾಠ ಹೇಳುತ್ತಿದ್ದಾಗ ನಾಲಗೆಯೇ ನಿಂತುಹೋಯಿತು, ತುತ್ತು ಇಳಿಯದಾಯಿತು. ವೈದ್ಯರು ನೋಡಿ ಇದು ಹೃದಯದಿಂದ ಹೊರಟ ಬೇನೆ ಎಂದರು. ಅವರು ದೊಡ್ಡ ಹುದ್ದೆಯನ್ನು ಬಿಟ್ಟು, ಮಕ್ಕಳ ಜೀವನಾಂಶಕ್ಕೆ ವ್ಯವಸ್ಥೆ ಮಾಡಿ, ಊರು ಬಿಟ್ಟು ಹೊರಟರು. ಅವರ ಈಮಾನ್ ದುರ್ಬಲವಾಗಿತ್ತೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಚಾಮರಾಜಪೇಟೆಯ ಆ ಮನೆಯ ವಿಷಯ ಹೇಳಿ ಮುಗಿಸುತ್ತೇನೆ. ಒಂದು ವಾರದ ಬಳಿಕ ಮತ್ತೆ ಹೋದೆ. ಈ ಬಾರಿ ಉಪದೇಶಕ್ಕಲ್ಲ, ಕ್ಷಮೆ ಕೇಳಲು. ನಾಲ್ವರು ಮಕ್ಕಳನ್ನೂ ಕೂರಿಸಿ ಮಾತಾಡಿದೆವು. ಮಲ್ಲೇಶ್ವರದಲ್ಲಿರುವ ಮಗಳು ತಿಂಗಳಿಗೆ ಹತ್ತು ದಿನ ತಾಯಿಯನ್ನು ತನ್ನಲ್ಲಿಗೆ ಕರೆದುಕೊಳ್ಳಲು ಒಪ್ಪಿದಳು. ಪತಿ ವಾರದಲ್ಲಿ ಎರಡು ದಿನ ಮಗ್ರಿಬಿಗೇ ಅಂಗಡಿ ಮುಚ್ಚುತ್ತಾರೆ. ತಾಯಿಗೆ ಉಣಿಸುವುದು ಅಂದು ಅವರ ಕೆಲಸ. ಕಿರಿಯ ಮಗ ನಸುಕಿನ ನೀರು ಹಿಡಿಯುತ್ತಾನೆ. ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆ. ಸೊಸೆ ವೈದ್ಯರ ಔಷಧಿ ತೆಗೆದುಕೊಳ್ಳುತ್ತಿದ್ದಾಳೆ. ಎಲ್ಲವೂ ಸರಿಹೋಗಿದೆ ಎನ್ನಲಾರೆ. ಕಂತು ಇನ್ನೂ ಇದೆ, ಅತ್ತೆಯ ಕಾಯಿಲೆಯೂ ಇದೆ. ಆದರೆ ಅವಳು ಈಗ ರಕಅತ್ ತಪ್ಪುವುದಿಲ್ಲವಂತೆ.

ಓದುಗ ಸಹೋದರ ಸಹೋದರಿಯರೇ, ಇವತ್ತು ರಾತ್ರಿ ಊಟ ಮುಗಿದು ಪಾತ್ರೆಗಳು ಇನ್ನೂ ತೊಳೆಯದೆ ಇರುವಾಗ, ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಯಲ್ಲಿ ಮಲಗುವವರು ಯಾರೆಂದು ಒಮ್ಮೆ ನೋಡಿ. ಅವರನ್ನು ಕೇಳಿ: ಎಷ್ಟು ಭಾರವಾಗಿದೆ? ಉತ್ತರ ಬಂದ ಮೇಲೆ ಬೋಧಿಸಬೇಡಿ. ಎದ್ದು ಒಂದು ತುದಿ ಹಿಡಿಯಿರಿ. ಹೊರಲಾಗದ್ದನ್ನು ನಮ್ಮ ಮೇಲೆ ಹೊರಿಸದಿರಲೆಂದು ಅಲ್ಲಾಹನಲ್ಲಿ ಬೇಡುವ ನಾವು, ಇನ್ನೊಬ್ಬರ ಮೇಲೆ ಹಾಗೆ ಹೊರಿಸದವರಾಗಲು ಅವನೇ ನಮಗೆ ಅನುಗ್ರಹಿಸಲಿ.